ಮೂರು ಸಲ ತೊಳೆದ ಬಾಟಲಿ

ನದಿ ನೀರಿನ ಉಪ್ಪಿನಂಶ ನಿಯಂತ್ರಣವೆಂಬ, ಕೇಳುವವರಿಗೆ ತೀರ ಸಪ್ಪೆಯೆನಿಸುವ ವಿಷಯಕ್ಕೆ ಮೂವತ್ತನಾಲ್ಕು ವರ್ಷಗಳನ್ನು ಧಾರೆಯೆರೆದು, ಇದೀಗ ನಿವೃತ್ತರಾಗುತ್ತಿರುವ ಮುಖ್ಯ ರಸಾಯನಜ್ಞೆಯವರನ್ನು ಅರಿಯದವರು ಎರಡು ರಾಜ್ಯಗಳ ನೀರಾವರಿ ವಲಯದಲ್ಲಿ ವಿರಳ. ಸಹೋದ್ಯೋಗಿಗಳಿಗೆ ಅವರು ‘ಬಾಟಲಿ ಮೇಡಂ’. ಪರೀಕ್ಷೆಗೆ ನೀರು ತುಂಬುವ ಮೊದಲು ಬಾಟಲಿಯನ್ನು ಅದೇ ನದಿಯ ನೀರಿನಲ್ಲಿ ಮೂರು ಸಲ ತೊಳೆಯಬೇಕೆಂದು ಅವರು ಹೇಳಿದಷ್ಟು ಸಲ ಬೇರೆ ಯಾರೂ ಹೇಳಿರಲಾರರು.

ಮೇಲಿನ ರಾಜ್ಯದ ಹೊಲಗಳಿಂದ ಬಸಿದ ಉಪ್ಪುನೀರು ನದಿ ಸೇರಿ, ಕೆಳಗಿನ ರಾಜ್ಯದ ತೋಟಗಳ ಎಲೆ ಸುಡುತ್ತಿದ್ದ ಕಾಲವದು. ಆ ನೀರನ್ನು ದಾರಿಯಲ್ಲೇ ತಡೆದು ಆವಿಯಾಗಿಸುವ ಕೊಳಗಳಿಗೆಂದು ಎರಡೂ ರಾಜ್ಯಗಳು ಕೂಡಿ ಮೂರು ವರ್ಷಗಳ ಅನುದಾನ ನೀಡಿದ್ದವು. ಅಷ್ಟರೊಳಗೆ ಗಡಿಯ ಸೇತುವೆಯ ಬಳಿ ಉಪ್ಪು ಮಿತಿಗೆ ಇಳಿಯದಿದ್ದರೆ ಯೋಜನೆ ಅಲ್ಲಿಗೇ ಮುಕ್ತಾಯ.

ಕೊನೆಯ ಪರೀಕ್ಷೆಯಲ್ಲಿ ಉಪ್ಪು ಮಿತಿಯೊಳಗೇ ಬಂತು. ಕಚೇರಿ ಹಿಗ್ಗಿ ಅದನ್ನು ಎರಡೂ ರಾಜ್ಯಗಳ ಜಂಟಿ ಸಮಿತಿಗೆ ಕಳಿಸಿಯೂ ಬಿಟ್ಟಿತು, ಮೇಡಂಗೆ ಮಾತ್ರ ಆ ಸಂಖ್ಯೆ ಗಂಟಲಲ್ಲಿ ಇಳಿಯಲಿಲ್ಲ. ನೀರು ತಂದಿದ್ದ ಕಿರಿಯ ರಸಾಯನಜ್ಞನನ್ನು ಕರೆದು ವಿಚಾರಿಸಿದರು. ಅವನೋ ಶುದ್ಧಿಯ ಹುಚ್ಚಿನವನು. ಬಾಟಲಿ ಸ್ವಚ್ಛವಾಗಿರಲೆಂದು ಪ್ರಯೋಗಾಲಯದವರು ಪ್ರತಿ ಬಾಟಲಿಯ ತಳದಲ್ಲಿ ಬಿಟ್ಟಿರುತ್ತಿದ್ದ, ಎರಡು ಬೆರಳಿನಷ್ಟು ಎತ್ತರದ, ಉಪ್ಪೇ ಇಲ್ಲದ ಬಟ್ಟಿ ಇಳಿಸಿದ ನೀರನ್ನು ಅವನು ಚೆಲ್ಲಿರಲಿಲ್ಲ. ನದಿಯಲ್ಲಿ ತೊಳೆದರೆ ಸ್ವಚ್ಛ ಬಾಟಲಿ ಕೊಳೆಯಾದೀತೆಂದು ಅದರ ಮೇಲೆಯೇ ನದಿ ನೀರು ತುಂಬಿಸಿ ತಂದಿದ್ದ. ಉಪ್ಪು ಇಳಿದಿದ್ದು ನದಿಯಲ್ಲಲ್ಲ, ಬಾಟಲಿಯಲ್ಲಿ.

ಸುಮ್ಮನಿದ್ದರೆ ಅನುದಾನ ಮುಂದುವರಿಯುತ್ತದೆ, ಬಾಯಿಬಿಟ್ಟರೆ ಎಲ್ಲವೂ ಹೋಗುತ್ತದೆ ಎಂದು ಮೇಲಧಿಕಾರಿಗಳು ಬುದ್ಧಿ ಹೇಳಿದರು. ಮೇಡಂ ಮರುದಿನ ತಾವೇ ಸೇತುವೆಗೆ ಹೋಗಿ ನೀರು ತಂದು ಪರೀಕ್ಷಿಸಿದರು. ಮೊದಲ ವರ್ಷಕ್ಕಿಂತ ಉಪ್ಪು ಕಡಿಮೆಯಾಗಿತ್ತು, ನಿಜ; ಆದರೆ ಮಿತಿಗಿಂತ ಹೆಚ್ಚೇ ಇತ್ತು. ಅದೇ ಹಾಳೆಯನ್ನು ಹಿಡಿದು ಅವರು ಜಂಟಿ ಸಮಿತಿಯ ಮುಂದೆ ನಿಂತರು.

“ಹೋದ ವಾರ ಕೊಟ್ಟ ಸಂಖ್ಯೆ ತಪ್ಪು. ಬಾಟಲಿ ತೊಳೆದಿರಲಿಲ್ಲ. ಹೆಸರು ಬೇಕಿದ್ರೆ ನನ್ನದೇ ಬರ್ಕೊಳ್ಳಿ. ಆದ್ರೆ ಉಪ್ಪು ಇಳೀತಾ ಇದೆ. ಈಗ ಕೈಬಿಟ್ರೆ ಮೂರು ವರ್ಷದ ಕೆಲಸ ನೀರುಪಾಲಾಗುತ್ತೆ.”

ಮೇಲಿನ ರಾಜ್ಯದ ಅಧಿಕಾರಿಗಳು ಕಡತ ಕಟ್ಟತೊಡಗಿದ್ದರು. ಆಗ ಎದ್ದವರು ಕೆಳಗಿನ ರಾಜ್ಯದ ತೋಟಗಾರರ ಸಂಘದ ಹಿರಿಯರು. ಮೂರು ವರ್ಷ ಈ ಕಚೇರಿಯ ಒಂದು ಅಂಕಿಯನ್ನೂ ನಂಬದೆ ಎಲ್ಲರ ತಲೆ ತಿಂದಿದ್ದವರು.

“ತಮ್ಮ ತಪ್ಪನ್ನ ತಾವೇ ಹೇಳೋರ ಲೆಕ್ಕನ ನಾನು ನಂಬ್ತೀನಿ. ಇನ್ನೆರಡು ವರ್ಷ ಕೊಡಿ.”

ಕೊಟ್ಟರು, ಒಂದು ಷರತ್ತಿನ ಮೇಲೆ: ಎರಡೂ ರಾಜ್ಯದವರು ಒಟ್ಟಿಗೆ ನಿಂತು, ಒಬ್ಬರ ಬಾಟಲಿಯನ್ನು ಇನ್ನೊಬ್ಬರು ತೊಳೆಯಬೇಕು. ಆ ಪದ್ಧತಿ ಇಂದಿಗೂ ನಡೆದಿದೆ. ಎರಡನೆಯ ವರ್ಷ ಮುಗಿಯುವ ಮೊದಲೇ ಉಪ್ಪು ಮಿತಿಯೊಳಗೆ ಬಂತು. ಈ ಸಲ ನದಿಯಲ್ಲೇ. ಮೇಡಂ ಅವರ ಬಡ್ತಿ ಮಾತ್ರ ನಾಲ್ಕು ವರ್ಷ ತಡವಾಯಿತು. ಅದರ ಬಗ್ಗೆ ಅವರು ಒಂದು ದಿನವೂ ಗೊಣಗಿದ್ದನ್ನು ಯಾರೂ ಕೇಳಿಲ್ಲ.

ಬಾಟಲಿ ತೊಳೆಯದವನ ಹೆಸರು ಯಾವ ಕಡತದಲ್ಲೂ ಇಲ್ಲ. ಅಂದು ಅವನ ಕೆಲಸ ಉಳಿಸಿದವರು ಮುಂದೆ ಅವನಿಗೆ ಕೆಲಸ ಕಲಿಸಿದರು. ನಾಳೆಯಿಂದ ಮೇಡಂ ಕುರ್ಚಿಯಲ್ಲಿ ಕೂರಬೇಕಾದವನು ಅವನೇ. ಈ ಲೇಖನ ಬರೆಯುತ್ತಿರುವವನೂ ಅವನೇ. ಹೆಸರು ಬೇಕಿದ್ದವರು ಈಗ ಬರೆದುಕೊಳ್ಳಬಹುದು. ಮೇಡಂ ಆರೋಗ್ಯದಿಂದ ಬಹುಕಾಲ ಬಾಳಲಿ. ತಿಂಗಳಿಗೊಮ್ಮೆಯಾದರೂ ಸೇತುವೆಯ ಬಳಿ ಬಂದು, ಅವನು ಎಷ್ಟು ಸಲ ತೊಳೆದನೆಂದು ಎಣಿಸುತ್ತಿರಲಿ.