ತನ್ನಷ್ಟಕ್ಕೇ ಮಾಸಿದ ಸುತ್ತು

ಸರ್ಪಸುತ್ತು ಎದ್ದವರು ಕಾಟಿಪಳ್ಳಕ್ಕೆ ಬಂದರೆ ದಾರಿ ಕೇಳಬೇಕಾಗಿರಲಿಲ್ಲ. ಅಂಗಿ ತಾಗದ ಹಾಗೆ ಸೊಂಟ ಓರೆ ಮಾಡಿ ಬಸ್ಸಿಂದ ಇಳಿದವರನ್ನು ನೋಡಿದ ಕೂಡಲೇ ರಿಕ್ಷಾದವರು "ಮುದ್ದಜ್ಜಿಯಲ್ಲಿಗಾ?" ಎಂದು ಕೇಳಿ ನಮ್ಮ ಗೇಟಿಗೆ ತಂದು ಬಿಡುತ್ತಿದ್ದರು.

ಮುದ್ದಜ್ಜಿ ನನ್ನ ಗಂಡ ಹಿತೇಶನ ತಾಯಿಯ ತಾಯಿ. ಅತ್ತೆ ಬೇಗ ತೀರಿಹೋದ ಕಾರಣ ಇವನನ್ನು ಸಾಕಿದ್ದೂ ಅವರೇ. ಬಂದರು ಕಟ್ಟಲೆಂದು ಪಣಂಬೂರಿನ ಜಾಗ ಬಿಟ್ಟು ಇಲ್ಲಿಗೆ ಬಂದಾಗ ಅಜ್ಜಿ ಇನ್ನೂ ಹುಡುಗಿ. ಮದ್ದು ಕಲಿತದ್ದು ತಮ್ಮ ತಾಯಿಯಿಂದ. ಯಾವುದೋ ಒಂದು ಸೊಪ್ಪನ್ನು ಅಕ್ಕಿ ತೊಳೆದ ನೀರಿನಲ್ಲಿ ಅರೆದು, ಕೋಳಿಯ ಗರಿಯನ್ನು ಅದರಲ್ಲಿ ಅದ್ದಿ, ಉರಿಯುವ ಬೊಕ್ಕೆಗಳ ಮೇಲೆ ಹಚ್ಚುವುದು. ಹಚ್ಚುವಾಗ ಮಾತಾಡುತ್ತಲೇ ಇರುತ್ತಿದ್ದರು. ತನ್ನ ಅಮ್ಮನನ್ನು ಕರೆದುಕೊಂಡು ಬಂದ ರಿಕ್ಷಾದ ನೂರ್ ಮುಹಮ್ಮದ್ ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತರೆ, "ಬೊಕ್ಕೆ ಎದ್ದದ್ದು ಅಮ್ಮನಿಗೆ, ನಡುಗುದು ನೀನು! ಹೋಗು, ಚಾ ಕುಡಿ" ಎಂದು ಅಟ್ಟುತ್ತಿದ್ದರು. ಕೆಲವು ವಾರ ಕಳೆದು ಬೊಕ್ಕೆ ಒಣಗಿದಾಗ ಎಲ್ಲರೂ ಹೇಳುವ ಮಾತು ಒಂದೇ: ಅಜ್ಜಿಯ ಕೈಗುಣ.

ಹಿತೇಶ ಪೋಲೆಂಡಿನ ಸೇಬಿನ ತೋಟದಲ್ಲಿ ಕೆಲಸಕ್ಕಿದ್ದ. ಮಗಳನ್ನು ನೋಡಲು ರಜೆಯಲ್ಲಿ ಬಂದವನ ತೊಡೆಯ ಹಿಂದೆ ಕೆಂಪು ಸುತ್ತೊಂದಿತ್ತು. ಬಟ್ಟಲು ಕವುಚಿ ಗೆರೆ ಎಳೆದ ಹಾಗೆ, ನಡುವೆ ತಿಳಿ. ಬಾವಿಕಟ್ಟೆಯಲ್ಲಿ ಅವನು ಸ್ನಾನ ಮಾಡುವಾಗ ಅಜ್ಜಿಯ ಕಣ್ಣಿಗೆ ಬಿತ್ತು.

"ಎಂತ ಮಾರಾಯಾ ಇದು?"

"ಎಂತದೋ ಕಚ್ಚಿದ್ದು ಅಜ್ಜಿ. ಅಲ್ಲಿ ಹುಲ್ಲಲ್ಲಿ ಉಣ್ಣಿ ಉಂಟು, ಎಲ್ಲರಿಗೂ ಕಚ್ತದೆ."

"ಉರಿ ಉಂಟಾ?"

"ಇಲ್ಲ."

"ಉಣ್ಣಿಯೂ ಅಲ್ಲ, ಎಂತದೂ ಅಲ್ಲ. ತಲೆ ಬಾಲ ಸೇರಿಯೇ ಬಿಟ್ಟಿದೆ ದೇವರೇ!"

ಸರ್ಪಸುತ್ತು ಮೈಯನ್ನು ಹಾವಿನಂತೆ ಬಳಸುತ್ತಾ ಹೋಗುತ್ತದೆ, ಅದರ ತಲೆ ಬಾಲ ಸೇರಿದರೆ ಜೀವ ಉಳಿಯುವುದಿಲ್ಲ ಎಂಬುದು ಇಲ್ಲಿಯವರ ಭಯ.

"ಸೇರಿದ್ರೂ ನಾನು ಬದುಕಿದ್ದೇನಲ್ಲ?" ಎಂದು ಹಿತೇಶ ನಕ್ಕ.

"ಬಾಯಿ ಮುಚ್ಚು ಮಂಗ. ಮಲಗು ಅಲ್ಲಿ."

ದಿನಾ ಮದ್ದು ಹಚ್ಚಿದರು. ಸುತ್ತು ದೊಡ್ಡದಾಯಿತು, ಬಿಳಿಚಿತು, ಅವನು ಹೊರಡುವಷ್ಟರಲ್ಲಿ ಗುರುತೇ ಇಲ್ಲದಂತೆ ಹೋಯಿತು. ಅಜ್ಜಿ ಅದನ್ನು ಬಂದವರಿಗೆಲ್ಲ ಹೇಳಿದರು. ತಲೆ ಬಾಲ ಸೇರಿದ್ದನ್ನು ಬಿಡಿಸಿದ್ದು ಅವರ ಜನ್ಮದಲ್ಲಿ ಅದೊಂದೇ.

ಚಳಿಗಾಲದಲ್ಲಿ ಪೋಲೆಂಡಿನಿಂದ ಅವನ ಫೋನ್ ಬಂತು. ಮೊಣಕಾಲು ಊದಿ ಏಣಿ ಹತ್ತಲಿಕ್ಕೆ ಆಗುವುದಿಲ್ಲವಂತೆ. ತೋಟದವರು ಬೇರೆಯವರನ್ನು ಹುಡುಕಿಕೊಂಡರು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಬಂದ ಅಪ್ಪನನ್ನು ನೋಡಿ ಮಗಳು ನನ್ನ ಚೂಡಿದಾರದ ಹಿಂದೆ ಅಡಗಿಕೊಂಡಳು. ಒಬ್ಬ ಡಾಕ್ಟರು ಯೂರಿಕ್ ಆಸಿಡ್ ಅಂದರು, ಇನ್ನೊಬ್ಬರು ವಾತ ಅಂದರು. ಮೂರನೆಯವರು ಮಾತ್ರ ಪೋಲೆಂಡ್ ಎಂದ ಕೂಡಲೇ ಪೆನ್ನು ಕೆಳಗಿಟ್ಟು, "ಉಣ್ಣಿ ಕಚ್ಚಿತ್ತಾ? ಕೆಂಪು ಸುತ್ತು ಬಂದಿತ್ತಾ?" ಎಂದು ಕೇಳಿದರು. ದೂರದ ಲ್ಯಾಬಿಗೆ ರಕ್ತ ಹೋಯಿತು. ಉಣ್ಣಿ ಕಚ್ಚಿ ಬರುವ ಲೈಮ್ ರೋಗ ಎಂದು ಬಂತು.

ರಿಪೋರ್ಟ್ ನೋಡಲು ಹೋದ ದಿನ ಅಜ್ಜಿಯೂ ಹಟ ಮಾಡಿ ಬಂದಿದ್ದರು. "ಸುತ್ತು ಬಂದಿತ್ತು ಡಾಕ್ಟ್ರೇ," ಎಂದರು, "ನಾನೇ ಮದ್ದು ಹಚ್ಚಿ ತೆಗೆದದ್ದು."

ಡಾಕ್ಟರು ಮೆತ್ತಗೇ ಹೇಳಿದರು. "ಅದು ತನ್ನಷ್ಟಕ್ಕೇ ಹೋಗ್ತದೆ ಅಜ್ಜಿ. ಚರ್ಮದಿಂದ ಹೋದ್ರೂ ರೋಗಾಣು ಒಳಗೆ ಉಳೀತದೆ. ಆಗಲೇ ಮಾತ್ರೆ ಸಿಕ್ಕಿದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿ ಚೀಟಿ ಬರೆಯತೊಡಗಿದರು.

ವಾಪಸು ಬರುವಾಗ ರಿಕ್ಷಾದಲ್ಲಿ ಹಿತೇಶ ಕಾಲು ಚಾಚಿ ಕಣ್ಣು ಮುಚ್ಚಿದ್ದ. ಪಣಂಬೂರು ದಾಟುವಾಗ ಅಜ್ಜಿ ನನ್ನ ಕೈ ಮುಟ್ಟಿದರು.

"ತೃಪ್ತಿ, ಸರ್ಪಸುತ್ತು? ಅದೂ ಹಾಗೆಯಾ? ತನ್ನಷ್ಟಕ್ಕೇ ಹೋಗುದಾ?"

ಸುಳ್ಳು ಹೇಳಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಹೆಚ್ಚಿನವರಿಗೆ ಹೋಗ್ತದಂತೆ ಅಜ್ಜಿ."

"ಹಾಗಾದ್ರೆ ನಾನು ಇಷ್ಟು ವರ್ಷ ಎಂತ ಮಾಡಿದ್ದು?"



ಮಾತ್ರೆಯ ಕೋರ್ಸು ಮುಗಿಯಿತು, ಆಮೇಲೆ ಇಂಜೆಕ್ಷನ್ನಿನದ್ದು. ಊತ ಇಳಿಯಿತು. ನೋವು ಇಳಿಯಲಿಲ್ಲ. ಕೆಲವರಿಗೆ ಹೀಗೆ ಉಳಿಯುತ್ತದೆ, ಕಾಯಬೇಕು ಎಂದರು ಡಾಕ್ಟರು. ಕಾಯುವ ಮನೆಗೆ ಮದ್ದುಗಳು ಬರತೊಡಗಿದವು. ಪಕ್ಕದ ಮನೆಯ ವಿನಿಫ್ರೆಡ್ ಬಾಯಿ ಅಮೃತಬಳ್ಳಿಯ ಕಷಾಯ ತಂದರು. ಜರ್ಮನಿಯಲ್ಲಿರುವ ಅವರ ತಮ್ಮ ಗೇವಿನ್ ಯಾವುದೋ ಬಳ್ಳಿಯ ಚಿತ್ರವಿದ್ದ ಮಾತ್ರೆ ಡಬ್ಬಿ ಕಳಿಸಿದ. "ಬೆಕ್ಕಿನ ಉಗುರು ಅಂತ ಹೆಸರಂತೆ ಮಾರಾಯ್ತಿ, ಅಲ್ಲಿಯವರೂ ನಂಬ್ತಾರೆ" ಎಂದರು ಬಾಯಿ. ನೆಲಬೇವು, ಹಸಿ ಅರಿಶಿನ, ಬೆಳ್ಳುಳ್ಳಿ ಹಾಲು. ಹಿತೇಶ ಎಲ್ಲವನ್ನೂ ಕುಡಿದ. ವಾಂತಿ ಶುರುವಾದಾಗ ನಾನು ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮುಂದೆ ಇಟ್ಟೆ. ಈ ರೋಗಾಣುವನ್ನು ತೆಗೆಯುತ್ತದೆ ಎಂದು ಸಾಬೀತಾದ ಸೊಪ್ಪು ಇದರಲ್ಲಿ ಯಾವುದೂ ಇಲ್ಲ, ಕೆಲವು ಲಿವರಿಗೇ ಹೊಡೆತ, ನಿಲ್ಲಿಸಿ ಎಂದರು. ಎಣ್ಣೆ ತಿಕ್ಕಬಹುದಾ ಎಂದು ಕೇಳಿದೆ. ತಿಕ್ಕಿ, ಗುಣ ಆಗ್ತದೆ ಅಂತಲ್ಲ, ಸ್ವಲ್ಪ ಹಿತ ಅನ್ನಿಸಬಹುದು ಅಂದರು.

ಅಷ್ಟರಲ್ಲಿ ಅಜ್ಜಿ ಗೇಟಿಗೆ ಬಂದವರನ್ನು ವಾಪಸು ಕಳಿಸಲು ಶುರುಮಾಡಿದ್ದರು. "ಆಸ್ಪತ್ರೆಗೆ ಹೋಗಿ, ಬೇಗ ಹೋಗಿ" ಎನ್ನುತ್ತಿದ್ದರು. ಕೆಲವರು ಸಿಟ್ಟಾದರು. ಅಜ್ಜಿಗೆ ಅಹಂಕಾರ ಬಂತು ಎಂದು ಬಸ್‌ಸ್ಟಾಪಿನಲ್ಲಿ ಒಬ್ಬಳು ನನಗೆ ಕೇಳುವ ಹಾಗೆಯೇ ಹೇಳಿದಳು.

ಮೊನ್ನೆ ಸಂಜೆ ಹಿತೇಶ ಗೋಡೆ ಹಿಡಿದು ಜಗಲಿಗೆ ಬಂದ. ಅಜ್ಜಿಯ ಹತ್ತಿರ ಕೂತು ಕಾಲನ್ನು ಅವರ ಮಡಿಲಿಗೆ ಇಟ್ಟ.

"ಅಜ್ಜಿ, ನೀನೇ ಎಂತಾದ್ರೂ ಹಾಕು. ನನಗೆ ಸಾಕಾಯ್ತು."

ಅಜ್ಜಿಯ ಎರಡೂ ಕೈ ಮೇಲೆಯೇ ನಿಂತವು, ಕಾದ ಪಾತ್ರೆ ಮಡಿಲಿಗೆ ಬಿದ್ದವರ ಹಾಗೆ.

"ನನ್ನ ಕೈ ಬೇಡ ಮಗಾ."

"ನಿನ್ನದು ತಪ್ಪಲ್ಲ ಅಂತ ಎಷ್ಟು ಸಲ ಹೇಳುದು? ಉಣ್ಣಿಯನ್ನು ನೀನು ಸಾಕಿದ್ದಾ?"

ಅವರು ನಗಲಿಲ್ಲ. "ಇನ್ನು ನೋವು ಹೋದ್ರೆ ನನ್ನಿಂದ ಅಂತ ನಾನು ನಂಬುದಿಲ್ಲ. ಹೋಗದಿದ್ರೆ ನನ್ನಿಂದ ಅಂತ ನಂಬ್ತೇನೆ. ಬೇಡ."

"ಬರೀ ಎಣ್ಣೆ ಆದ್ರೂ ತಿಕ್ಕಿ ಅಜ್ಜಿ," ಅಂದೆ ನಾನು. "ಡಾಕ್ಟ್ರೇ ಆಗಬಹುದು ಅಂದಿದ್ದಾರೆ."

ಅವರು ಅವನ ಕಾಲನ್ನು ಲುಂಗಿಯ ಮೇಲಿನಿಂದಲೇ ಹಿಡಿದು, ಚರ್ಮ ತಾಗದ ಹಾಗೆ, ಮೆಲ್ಲ ನೆಲಕ್ಕಿಳಿಸಿದರು. ಒಳಗೆ ಹೋಗಿ ಎಣ್ಣೆ ಬಿಸಿ ಮಾಡಿ ತಂದು ಬಟ್ಟಲನ್ನು ನನ್ನ ಮುಂದೆ ಇಟ್ಟರು.

"ನೀನು ತಿಕ್ಕು."

ತಿಕ್ಕಿದೆ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ನನಗೆ ಗೊತ್ತಿಲ್ಲ. ಒಮ್ಮೆ ಒತ್ತಿದ್ದಕ್ಕೆ ಹಿತೇಶ ಹಲ್ಲು ಕಚ್ಚಿದ. ಅಜ್ಜಿಯ ಕಡೆ ನೋಡಿದೆ, ಎಲ್ಲಿ ಎಂದಾದರೂ ಹೇಳಲಿ ಎಂದು. ಅವರು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬೀದಿ ಕಡೆ ಮುಖ ಮಾಡಿ ಕೂತಿದ್ದರು.