ಕೈಗೆ ಸಿಗುವ ಚಿಲಕ

“ಕಣ್ಣು ಮುಚ್ರಿ ಅವ್ವಾರ. ಮುಖಕ್ಕ ಸಾಬೂನು ಹಚ್ಕೊಂಡೀನಿ ಅಂದ್ಕೊಂಡು ಗ್ವಾಡಿಗೆ ಕೈ ಚಾಚ್ರಿ” ಎಂದರು ಕೊಟ್ಟೂರಿನಿಂದ ಬಂದಿದ್ದ ಟೈಲ್ಸ್ ಮೇಸ್ತ್ರಿ ರಸೂಲ್ ಸಾಬ್.

ಕೂಡ್ಲಿಗಿಯ ನಮ್ಮ ಮನೆಯ ಬಚ್ಚಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದ ನಮ್ಮ ಅತ್ತೆ ಹಾಗೆಯೇ ಮಾಡಿದರು. ಬೆರಳು ತಾಗಿದಲ್ಲಿ ಮೇಸ್ತ್ರಿ ಪೆನ್ಸಿಲಿನಿಂದ ಗುರುತು ಹಾಕಿದರು. ಹಿಡಿದುಕೊಂಡು ಏಳಲು ಗೋಡೆಗೆ ಹಿಡಿಕೆ ಕೂರಿಸಲೆಂದು ನನ್ನ ಗಂಡ ಮೊದಲೇ ಹಾಕಿದ್ದ ಗುರುತು ಅದಕ್ಕಿಂತ ಒಂದು ಗೇಣು ಮೇಲಿತ್ತು.

ಮನೆ ಕಟ್ಟಿಸುವಾಗ ಆಸೆಪಟ್ಟು ಹಾಕಿಸಿದ್ದ ಬಾತ್‌ಟಬ್ಬು, ನಲ್ಲಿಯಲ್ಲಿ ನೀರು ಬಂದ ದಿನ ತುಂಬಿಡಲಷ್ಟೇ ಉಪಯೋಗವಾಗುತ್ತಿತ್ತು. ಅದರ ಪಕ್ಕದ ಇಕ್ಕಟ್ಟಿನಲ್ಲಿ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಾನೇ ಅವರಿಗೆ ಸ್ನಾನ ಮಾಡಿಸುತ್ತಿದ್ದೆ. ಈಗ ಟಬ್ಬು ತೆಗೆಸಿ, ಹೊಸ್ತಿಲು ಒಡೆಸಿ, ಶವರಿನ ಕೆಳಗೆ ಕುಳಿತೇ ಸ್ನಾನ ಮಾಡುವಂತೆ ಸರಿಪಡಿಸುತ್ತಿದ್ದೆವು.

ಇನ್ನೇನಾದರೂ ಬೇಕೇ ಎಂದು ಮೇಸ್ತ್ರಿ ಕೇಳಿದಾಗ ಅತ್ತೆ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು: “ಬಾಗಿಲ ಚಿಲಕ ಒಂದೀಟು ಕೆಳಗ ಹಾಕಪ್ಪಾ, ಕುಂತಲ್ಲೇ ನನ್ನ ಕೈಗೆ ಸಿಗೂ ಹಂಗ.”

ವರ್ಷದಿಂದ ದಿನವೂ ಅವರ ಮೈ ಉಜ್ಜುತ್ತಿದ್ದೆ. ಎಂಥ ಸೇವೆ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೂ ನನಗಿತ್ತು. ಅವರಿಗೆ ನಾಚಿಕೆಯಾಗುತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಕಳೆದ ಸೋಮವಾರ ಅತ್ತೆ ತಾವೇ ಉಡುವ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ವಾಕರ್ ಹಿಡಿದು ಒಳಗೆ ಹೋದರು. ಚಿಲಕ ಬಿದ್ದ ಸದ್ದಾಯಿತು. ನಾನು ಟವೆಲ್ ಹಿಡಿದುಕೊಂಡು ಹೊರಗೆ ನಿಂತೇ ಇದ್ದೆ. “ಇಲ್ಯಾಕ ನಿಂತೀಯವಾ, ಹೋಗಿ ಅಡಗಿ ನೋಡು” ಎಂದು ಒಳಗಿಂದ ಗದರಿದರು. ಅವರು ನನ್ನನ್ನು ಗದರಿ ಒಂದು ವರ್ಷವೇ ಆಗಿತ್ತು.