ಅವ್ವನ ಎಡ ಅಂಗೈ

ನರವ್ಯೂಹದ ಪಾಠ ನನಗೆ ಈಗ ಬಾಯಿಪಾಠ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನಲ್ಲಿ ಶಾಲೆ. ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದರೆ ರಾಜೇಶ್ವರ ಬರುವಷ್ಟರಲ್ಲಿ ಕಣ್ಣು ಮುಚ್ಚಿರುತ್ತವೆ. ಇಪ್ಪತ್ತೆರಡು ವರ್ಷ ಹೀಗೇ ಓಡಾಡಿ ದಣಿದಿದ್ದೇನೆ. ಹತ್ತನೆಯ ತರಗತಿಯ ಬೋರ್ಡಿನ ಮೇಲೆ ಪ್ರತಿ ವರ್ಷ ಅದೇ ಒಂದು ಕೈ, ಒಂದು ಕಾದ ಹಂಚು, ಒಂದು ಬೆನ್ನುಹುರಿ ಬರೆಯುತ್ತೇನೆ. ಚರ್ಮಕ್ಕೆ ಬಿಸಿ ತಗಲಿತು, ನರ ಸುದ್ದಿ ಒಯ್ದಿತು, ಬೆನ್ನುಹುರಿ ಮೆದುಳನ್ನು ಕೇಳದೆಯೇ ಹುಕುಂ ಕೊಟ್ಟಿತು, ಕೈ ಹಿಂದೆ ಸರಿಯಿತು. ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಎಂದು ಹೆಸರು, ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ. ಇಷ್ಟು ಬಲ್ಲವಳು ಮನೆಯಲ್ಲಿ ಅವ್ವನ ನರಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದುದನ್ನು ಗುರುತಿಸಲಿಲ್ಲ.

ಮೊದಲ ಸುಳಿವು ಒಂದು ಚಪ್ಪಲಿ. ಹೋದ ವರ್ಷ ನಾರಾಯಣಪುರದ ಗುಡಿಗೆ ಹೋದ ಅವ್ವ ಮನೆಗೆ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಯಾರೋ ಕದ್ದಿದ್ದಾರೆಂದು ಅವಳ ವಾದ. ಅದೆಂಥ ಕಳ್ಳ, ಒಂದೇ ಚಪ್ಪಲಿ ಕದಿಯುವವನು ಎಂದು ನಾನು ನಕ್ಕೆ. ಮರುದಿನ ಆಟೋದವನು ಅದನ್ನು ತಂದುಕೊಟ್ಟ. ಆಟೋದಲ್ಲೇ ಕಾಲಿನಿಂದ ಜಾರಿತ್ತು, ಕಾಲಿಗೆ ತಿಳಿದಿರಲಿಲ್ಲ. ಅವ್ವನಂಥ ಸಕ್ಕರೆ ಕಾಯಿಲೆಯವರಲ್ಲಿ ಉದ್ದನೆಯ ನರಗಳು ಮೊದಲು ಸೋಲುತ್ತವೆ. ಹಾಗಾಗಿ ಪಾದದಿಂದ ಶುರು, ಕೈಯ ಸರದಿ ಆಮೇಲೆ. ಇದನ್ನೂ ನಾನು ಓದಿದ್ದೆ. ಆದರೂ ಹಿಂದೆ ಪಟ್ಟಿಯಿರುವ ಹೊಸ ಚಪ್ಪಲಿ ಕೊಡಿಸಿ ಕೈ ತೊಳೆದುಕೊಂಡೆ. ದೀಪದ ಬುಡದಲ್ಲಿ ಕತ್ತಲೆ ಎಂದು ನನ್ನಂಥವರನ್ನು ಕಂಡೇ ಹೇಳಿರಬೇಕು.

ಅವ್ವನದು ಕಟ್ಟುನಿಟ್ಟಿನ ಲಿಂಗಪೂಜೆ. ಸ್ನಾನ ಮಾಡಿ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ನೀರು ಹನಿಸಿ, ಪತ್ರಿ ಏರಿಸಿ, ಬಹಳ ಹೊತ್ತು ನೋಡಿ, ಕೊನೆಗೆ ಕಣ್ಣು ಮುಚ್ಚುತ್ತಾಳೆ. ಅದೆಲ್ಲ ಮುಗಿಯುವವರೆಗೆ ಬಾಯಿಗೆ ತುತ್ತು ಇಲ್ಲ. ನಾನು ಚಿಕ್ಕವಳಿದ್ದಾಗಿನಿಂದ ಅರ್ಧ ತಾಸಿನ ಪೂಜೆ ಅದು. ಈ ಶ್ರಾವಣದಿಂದ ಒಂದು ತಾಸಾಯಿತು, ಎರಡು ತಾಸಾಯಿತು. ವಯಸ್ಸಿನ ಜೊತೆ ಭಕ್ತಿಯೂ ಏರುತ್ತಿದೆ ಎಂದುಕೊಂಡು, ಉಪ್ಪಿಟ್ಟು ಮುಚ್ಚಿಟ್ಟು ಬಸ್ಸಿಗೆ ಓಡುತ್ತಿದ್ದೆ. ನಿಜ ಹೇಳಬೇಕೆಂದರೆ ಸಿಟ್ಟೂ ಬರುತ್ತಿತ್ತು.

ಒಂದು ದಿನ ಪಾಠದ ನಡುವೆ ಪಕ್ಕದ ಮನೆಯಾಕೆ ಫೋನ್ ಮಾಡಿದಳು. ಅವ್ವ ಪೂಜೆಗೆ ಕುಳಿತಲ್ಲೇ ವಾಲಿದ್ದಳು, ಮೈಯೆಲ್ಲ ಬೆವರು. ಆರಕ್ಕೆ ನುಂಗಿದ ಸಕ್ಕರೆ ಕಾಯಿಲೆಯ ಗುಳಿಗೆ, ಹತ್ತಾದರೂ ಖಾಲಿ ಹೊಟ್ಟೆ. ಪುಣ್ಯಕ್ಕೆ ಆಕೆ ಸಕ್ಕರೆ ನೀರು ಕುಡಿಸಿ ಎಬ್ಬಿಸಿದ್ದಳು. ನಾನು ಮನೆ ಮುಟ್ಟಿ ಬಾಯಿಗೆ ಬಂದಂತೆ ಬೈದೆ. ಸಾಯಬೇಕೆಂದಿದ್ದೀಯಾ ಎಂದೂ ಕೇಳಿದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದಳು.

"ಕಣ್ಣ ತೆರದ್ರ ಲಿಂಗ ಕೈಯಾಗ ಅದ. ಕಣ್ಣ ಮುಚ್ಚಿದ್ರ ಇಲ್ಲ. ತಣ್ಣಗೂ ಹತ್ತೂದಿಲ್ಲ, ಭಾರನೂ ಹತ್ತೂದಿಲ್ಲ. ನಾ ಏನ್ ತಪ್ಪ ಮಾಡೀನೋ, ಬಿಟ್ಟು ಹೋಗ್ಯಾನ. ತಿರುಗಿ ಬರೂ ತನಕ ಏಳಬಾರ್ದಂತ ಕುಂದರ್ತೀನಿ."

ಇಷ್ಟು ದಿನ ಅವಳು ಹಸಿದು ಕುಳಿತದ್ದು ಭಕ್ತಿ ಹೆಚ್ಚಾಗಿ ಅಲ್ಲ, ಹೆದರಿ.

ಮರುದಿನ ಹುಮನಾಬಾದಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಅವ್ವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳು, ಅಂಗೈ ಮುಟ್ಟುತ್ತ, ಮುಟ್ಟಿದಾಗ ಹೇಳಿ ಎಂದರು. ಅವ್ವ "ಹೌದ್ರಿ" ಅಂದಳು. ಡಾಕ್ಟರು ಕೈ ಹಿಂದೆ ತೆಗೆದುಕೊಂಡು ಸುಮ್ಮನೆ ಕುಳಿತರೂ "ಹೌದ್ರಿ" ಅಂದಳು. ದೊಡ್ಡ ಮನುಷ್ಯರು ಕಷ್ಟಪಟ್ಟು ಪರೀಕ್ಷೆ ಮಾಡುವಾಗ ಇಲ್ಲ ಎನ್ನುವುದು ಅವಳ ಮರ್ಯಾದೆಗೆ ಒಪ್ಪುವುದಿಲ್ಲ. ಡಾಕ್ಟರು ನನ್ನತ್ತ ನೋಡಿದರು. ಹೋದ ಸ್ಪರ್ಶ ಮರಳುವುದು ಕಷ್ಟ, ಆದರೆ ಗುಳಿಗೆ ನುಂಗಿ ಉಪವಾಸ ಕುಳಿತರೆ ಜೀವಕ್ಕೇ ಅಪಾಯ ಎಂದರು.

ವಾಪಸು ಬಸ್ಸಿನಲ್ಲಿ ನಾನು ಪಾಠ ಶುರು ಮಾಡಿದೆ. ಲಿಂಗ ಎಲ್ಲಿಗೂ ಹೋಗಿಲ್ಲ, ಅಂಗೈಯಿಂದ ಮೆದುಳಿಗೆ ಸುದ್ದಿ ಒಯ್ಯುವ ನರ ಸೋತಿದೆ. ಕೊಡ ಬಾವಿಯಲ್ಲೇ ಇದೆ, ಹಗ್ಗ ಸವೆದಿದೆ. ಇಷ್ಟು ಚಂದ ತರಗತಿಯಲ್ಲೂ ಹೇಳಿರಲಿಲ್ಲ. ಅವ್ವ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡಳು. ರಾಜೇಶ್ವರ ದಾಟಿದ ಮೇಲೆ ಕೇಳಿದಳು.

"ಹಂಗಾದ್ರ ಇಷ್ಟ ವರ್ಷ ನನಗ ತಿಳೀತಿದ್ದದ್ದು ಲಿಂಗ ಅಲ್ಲ, ಬರೇ ನರ ಏನು?"

ಮಕ್ಕಳು ಕೇಳಿದ್ದರೆ ಇದು ಪಠ್ಯದಲ್ಲಿಲ್ಲ ಎಂದು ಕೂರಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಅವಳು ಮತ್ತೆ ಕುಳಿತಳು. ಗುಳಿಗೆ ನನ್ನ ಮುಷ್ಟಿಯಲ್ಲಿ, ಉಪ್ಪಿಟ್ಟು ಆರುತ್ತಿತ್ತು. ಏಳುವ ಲಕ್ಷಣ ಕಾಣಲಿಲ್ಲ. ನನ್ನ ಕರಡಿಗೆ ಕಪಾಟು ಸೇರಿ ಎಷ್ಟೋ ವರ್ಷವಾಗಿದೆ, ನನಗೆ ಮಂತ್ರ ಗೊತ್ತಿಲ್ಲ. ಬೇರೆ ದಾರಿ ಕಾಣದೆ ಎದುರು ಕುಳಿತು, ಅವಳ ಎಡಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಜಳಕ ಆಗಿದೆಯೇ ಎಂದು ವಿಚಾರಿಸಿ, ಆಗಿದೆ ಎಂದ ಮೇಲೆ ಅವ್ವ ಕಣ್ಣು ಮುಚ್ಚಿದಳು.

"ಅದ ಏನು?"

"ಅದ, ಅವ್ವ."

ಕಣ್ಣು ತೆರೆದು ಲಿಂಗವನ್ನು ಕರಡಿಗೆಗೆ ಸೇರಿಸಿದಳು. ಆಮೇಲೆ ಎದ್ದು ಉಪ್ಪಿಟ್ಟು ತಿಂದಳು. ಅಂದಿನಿಂದ ಇದು ನಮ್ಮ ದಿನಚರಿಯಾಯಿತು. ಗುಳಿಗೆ ಊಟದ ಜೊತೆಗೆ, ಊಟ ಪೂಜೆಯ ಬೆನ್ನಿಗೆ, ಪೂಜೆ ನನ್ನ ಒಂದು ಮಾತಿಗೆ. ಎರಡು ತಿಂಗಳು ಕಳೆದ ಮೇಲೆ ನನಗೆ ಅದೂ ದಣಿವೆನಿಸತೊಡಗಿತು. ಕೆಲವು ದಿನ ಬಾಗಿಲಲ್ಲಿ ನಿಂತೇ ನೋಡಿ ಅದ ಎನ್ನುತ್ತಿದ್ದೆ.

ಹೋದ ವಾರ ಒಲೆಯ ಮುಂದೆ ಡಬ್ಬಿ ತುಂಬಿಕೊಳ್ಳುತ್ತಿದ್ದೆ. ಏಳು ದಾಟಿತ್ತು. ಒಳಗಿನಿಂದ ಅದ ಏನು ಎಂಬ ದನಿ ಬಂತು. ತಿರುಗಿಯೂ ನೋಡದೆ ಅದ ಎಂದೆ. ಅವ್ವ ಏಳುವ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಕಣ್ಣು ತೆರೆದೇ ಕುಳಿತಿದ್ದಳು. ಕೊರಳಲ್ಲಿ ಕರಡಿಗೆ ಮುಚ್ಚಿಯೇ ಇತ್ತು, ಎಡ ಅಂಗೈ ಬರಿದು.

"ಇನ್ನಾ ತಗದೇ ಇಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇರಲಿ. ನಾನೂ ಡಾಕ್ಟರ್ ಸಾಹೇಬ್ರ ಮುಂದ ಹಿಂಗೇ ಅಂದಿದ್ನಲ್ಲ."

ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರ ನಾನೇ ಆಗಿದ್ದೆ. ಪ್ರಶ್ನೆ ಮೆದುಳಿಗೆ ಮುಟ್ಟಿರಲೇ ಇಲ್ಲ, ಉತ್ತರ ಹೊರಟುಹೋಗಿತ್ತು.

ಒಲೆ ಆರಿಸಿ ಬಂದು ಎದುರು ಕುಳಿತೆ. ಅವ್ವ ಲಿಂಗ ತೆಗೆದು ಅಂಗೈಯಲ್ಲಿಟ್ಟು ನೀರು ಹನಿಸಿದಳು. ನಾನು ಕೆಳಗೆ ಕೈ ಕೊಟ್ಟು, ಅವಳ ಜೊತೆ ಕಣ್ಣು ಮುಚ್ಚಿದೆ. ಅವಳ ಬೆರಳ ಸಂದಿಯಿಂದ ಒಂದು ಹನಿ ತಣ್ಣಗೆ ನನ್ನ ಅಂಗೈಗೆ ಇಳಿಯಿತು. ಅದ ಏನು ಎಂದು ಅವಳು ಕೇಳಿದಳು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಏಳೂವರೆಯ ಬಸ್ಸು ಹೋಯಿತು.